ಡಿಸೈನ್ ಕಟ್ಟಿನಲ್ಲಿದ್ದ ಹಾಳೆ

ಮೊಳಕಾಲ್ಮೂರು
14-11-2024

ಪ್ರೀತಿಯ ಜ್ಯೋತಿಲಕ್ಷ್ಮಿಗೆ ಅವ್ವನ ನೂರು ಮುತ್ತು.

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಬಳ್ಳಾರಿಯ ಬಿಸಿಲಿಗೆ ತಲೆನೋವು ಹೆಚ್ಚಿಲ್ಲ ತಾನೇ? ಫೋನ್ ಎತ್ತದ ಮಗಳಿಗೆ ಕಾಗದವೇ ಗತಿ. ಆಪರೇಷನ್ನಿಗೆ ಮತ್ತು ಕೊಡುವ ಡಾಕ್ಟರು ಆರು ತಿಂಗಳಿಂದ ಸೋದರತ್ತೆಯ ಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತರೆ ಹೇಗಮ್ಮ?

ಚಳ್ಳಕೆರೆಯ ನರ್ಸಿಂಗ್ ಹೋಮಿನ ಮಾಲೀಕ, ಆ ಮಾರುತೇಶನನ್ನು ನೆನೆದರೆ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ. ರಂಗಕ್ಕನ ಆಪರೇಷನ್ನಿಗೆ ರಕ್ತ ತರಿಸಿಟ್ಟಿದ್ದೇನೆ ಎಂದು ಸತ್ಯದ ತಲೆ ಮೇಲೆ ಹೊಡೆದ ಹಾಗೆ ನಿನಗೆ ಹೇಳಿ, ತರಿಸದೆ, ಅವಳು ಸತ್ತ ಮೇಲೆ ಜನರೆದುರು ‘ಮತ್ತು ಜಾಸ್ತಿ ಆಗೈತೆ, ಆ ಮಗ್ಗದೋರ ಹುಡುಗೀನ ಕೇಳ್ರಿ’ ಎಂದನಲ್ಲ! ಆಪರೇಷನ್ ಹೊತ್ತಿನಲ್ಲಿ ನೀನು ಬರೆದಿಟ್ಟ ಹಾಳೆಯನ್ನೂ ಮಾಯ ಮಾಡಿದ. ಕಾರ್ಬನ್ ಇಟ್ಟು ತೆಗೆದಿದ್ದ ನಕಲು ಮನೆಯಲ್ಲೂ ಸಿಗಲಿಲ್ಲವೆಂದು ನೀನು ಎಷ್ಟು ಅತ್ತಿದ್ದೆ. ಅದು ಕಾಣೆಯಾದದ್ದು ನನ್ನಿಂದ, ಮಗಳೇ. ಚೌಕುಳಿ ಹಾಳೆ, ಅದರ ಮೇಲೆ ಸಾಲಾಗಿ ಚುಕ್ಕಿ, ಬಾಣದಂಥ ಗುರುತು. ನಿಮ್ಮಪ್ಪ ಬರೆದ ಸೀರೆಯಂಚಿನ ಡಿಸೈನೆಂದು ಮಗ್ಗದ ಮೇಲಿನ ಕಟ್ಟಿಗೆ ಸೇರಿಸಿಬಿಟ್ಟಿದ್ದೆ. ಹೋದ ತಿಂಗಳು ಹೊಸ ಅಂಚಿಗೆ ಚೌಕ ಎಣಿಸಲು ಕೂತ ನಿಮ್ಮಪ್ಪ ಮೇಲಿನ ಹೆಸರು ಓದಿ, ‘ಲೇ, ಇದು ಹೂವಲ್ಲ ಕಣೇ, ರಂಗಕ್ಕನ ನಾಡಿ!’ ಎಂದು ಕೂಗಿದರು.

ಅದನ್ನು ನಿಮ್ಮ ಅರಿವಳಿಕೆ ತಜ್ಞರ ಸಂಘಕ್ಕೆ ಕೊಂಡೊಯ್ದೆವು. ಅಲ್ಲಿನ ಡಾ. ಪ್ರೇಮಲತಾ ಮೊದಲೇ ಹೇಳಿದರು: ‘ನಮ್ಮೋಳು ಅಂತ ತಪ್ಪು ಮುಚ್ಚಲ್ಲಮ್ಮ. ತಪ್ಪಿಲ್ಲ ಅಂದ್ರೆ ಒಬ್ಬಳ್ನೇ ಬಿಡಾದೂ ಇಲ್ಲ.’ ಮೂವರು ಹಿರಿಯ ಡಾಕ್ಟರು ಗೆರೆಗೆರೆ ಓದಿದರು. ನೀನು ಮೂರು ಸಲ ರಕ್ತ ಕೇಳಿದ್ದು ಗಂಟೆ ನಿಮಿಷದ ಸಮೇತ ಇದೆಯಂತೆ. ನಿನ್ನ ತಪ್ಪಿಲ್ಲವೆಂದು ಬರೆದುಕೊಟ್ಟಿದ್ದಾರೆ. ಈ ತಿಂಗಳ ಇಪ್ಪತ್ತೈದಕ್ಕಿರುವ ರಂಗಕ್ಕನ ಸಾವಿನ ವಿಚಾರಣೆಗೆ ಸಂಘದ ವಕೀಲರೇ ಬರುತ್ತಾರೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅತ್ತೆವು, ನಿಮ್ಮಪ್ಪನೂ ಸಹ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ನಿನ್ನ ಕೈಗೆ ಮೊದಲಿನ ಧೈರ್ಯವನ್ನು ದೇವರು ಮರಳಿ ಕೊಡಲಿ.

ನಿನ್ನ ಅವ್ವ
ನಾಗರತ್ನ

ಮರೆತಿದ್ದೆ: ನಿನ್ನೆ ಮಾರುತೇಶ ಮನೆಗೇ ಬಂದಿದ್ದ. ಹೊಸ ಕಟ್ಟಡದ ಪೂಜೆಗೆ ಹೆಂಡತಿಗೊಂದು ಸೀರೆ ಬೇಕೆಂಬ ನೆಪ. ಏಳುವಾಗ, ‘ಡಾಕ್ಟರಮ್ಮನ ಕಾಗ್ದ ಗೀಗ್ದ ಏನಾರ ಐತೇನ್ರಿ?’ ಎಂದ. ‘ಎಲ್ಲಾ ಒಲೆಗೆ ಹಾಕ್ದೆ ಕಣಪ್ಪ’ ಎಂದೆ. ಅವನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು! ವಿಚಾರಣೆಯಲ್ಲಿ ಅಂಥ ಹಾಳೆಯೇ ಇರಲಿಲ್ಲವೆಂದು ಧೈರ್ಯವಾಗಿ ಪ್ರಮಾಣ ಮಾಡಲಿ, ಆಮೇಲೆ ವಕೀಲರು ನಕಲನ್ನು ಹೊರತೆಗೆಯಲಿ. ನೀನು ಬಾಯಿ ಬಿಡಬೇಡ, ಬಂದು ಅವನ ಎದುರಿಗೆ ಕೂರು. ಸೀರೆಗೆ ಒಪ್ಪಿಕೊಂಡಿದ್ದೇನೆ. ಅಂಚಿಗೆ ನಿನ್ನ ಹಾಳೆಯ ಚುಕ್ಕಿಗಳನ್ನೇ ಹಾಕುತ್ತಿದ್ದೇವೆ, ರಂಗಕ್ಕನ ನಾಡಿ ನಿಂತಲ್ಲಿಯವರೆಗೆ.