ಕಮಲಾಪುರದ ಪ್ರತಿ

೧೧ ಸೆಪ್ಟೆಂಬರ್, ಗುರುವಾರ

ಪ್ರಿಂಟರ್ ಮತ್ತೆ ಕೈಕೊಟ್ಟಿತು. ರಿಪೇರಿ, ಚಹಾ, ಮತ್ತೆ ರಿಪೇರಿ. ನಮ್ಮ ರಕ್ತ ಕೇಂದ್ರದಲ್ಲಿ ಮೌಸ್ ಕೆಟ್ಟರೂ ರಘೂತ್ತಮ, ಫ್ಯಾನ್ ಕೆಟ್ಟರೂ ರಘೂತ್ತಮ, ಎಲ್ಲಕ್ಕೂ ನಾನೇ.

ಥಲಸ್ಸೇಮಿಯಾ ಮಕ್ಕಳ ಹಳೇ ಕಾರ್ಡ್‌ಗಳ ಸ್ಕ್ಯಾನಿಂಗ್ ಮುಗಿಯಿತು. ನೂರ ಹನ್ನೆರಡು ಮಕ್ಕಳು. ಕೊನೆಯದು ಜುಬೇದಾ — ಒಂಬತ್ತು ವರ್ಷ, ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಬೇಕು. ಅಪ್ಪ ಲಾಲ್ ಅಹ್ಮದ್, ಮೋಮಿನಪುರದಲ್ಲಿ ಟೇಲರ್. ಕಾರ್ಡ್ ಕೈಬಿಡಲು ಒಲ್ಲ. ಎಂಥ ರಕ್ತ ಅವಳಿಗೆ ಆಗದು ಎಂದು ಹಿಂದಿನ ಡಾಕ್ಟರ್ ಕೆಂಪು ಇಂಕಿನಲ್ಲಿ ಬರೆದಿದ್ದಾರೆ. ಇವನಿಗೆ ಇಂಗ್ಲಿಷ್ ಬರುವುದಿಲ್ಲ. ಕೆಂಪು ಗೊತ್ತು, ಅಷ್ಟೆ.

"ಕಾಗದ ನೀರಾಗ ಬಿದ್ರ ಹೋತು. ಸ್ಕ್ಯಾನ್ ಮಾಡಿದ್ದು ಎರಡು ಊರಾಗ ಇರ್ತದ್ರಿ. ಒಂದು ಇಲ್ಲಿ, ಒಂದು ಕಮಲಾಪುರದಾಗ. ಎರಡೂ ಊರು ಒಮ್ಮೆಗೇ ಮುಳಗ್ತಾವೇನು?" ಎಂದೆ.

ನಕ್ಕು ಕೊಟ್ಟುಬಿಟ್ಟ. ಸಂಜೆ ಕಾರ್ಡ್‌ಗಳನ್ನೆಲ್ಲ ರದ್ದಿಯವನಿಗೆ ಹಾಕಿದೆ. ಕಪಾಟು ಖಾಲಿ. ಖುಷಿಯಾಯಿತು.

೧೮ ಸೆಪ್ಟೆಂಬರ್, ಗುರುವಾರ

ಕ್ಲೌಡ್ ಯಾವುದು ಎಂಬ ಮೀಟಿಂಗ್. ಕೇಂದ್ರ ಡಾ. ವಿಮಲಾಬಾಯಿಯವರದು, ತೀರ್ಮಾನವೂ ಅವರದೇ. ನನ್ನ ಕೆಲಸ ವಾದ ಮಾಡುವುದು. ಮೊದಲನೆಯ ಪ್ಲಾನ್‌ನಲ್ಲಿ ಮೂರು ಪ್ರತಿ, ಮೂರೂ ಮುಂಬೈಯಲ್ಲೇ. ಎರಡನೆಯದು ಜಿಯೋ-ರಿಡಂಡಂಟ್ — ಮುಂಬೈಯಲ್ಲಿ ಬರೆದದ್ದು ತಾನಾಗಿಯೇ ಹೈದರಾಬಾದಿಗೂ ಹೋಗುತ್ತದೆ.

"ಮೂರು ಪ್ರತಿ ಸಾಲಂಗಿಲ್ಲೇನ್ರಿ ರಘೂತ್ತಮರಾವ್?"

"ಊರಿಗೇ ಏನರ ಆದ್ರ, ಮೂರಿದ್ರೇನು ಮೂವತ್ತಿದ್ರೇನ್ರಿ ಮೇಡಂ?"

ಒಪ್ಪಿದರು. ಇವತ್ತೇ ಶುರು ಮಾಡ್ರಿ ಎಂದರು. ಪಿತೃಪಕ್ಷದಲ್ಲಿ ಹೊಸದನ್ನು ಯಾರು ಶುರು ಮಾಡುತ್ತಾರೆ? ದಸರೆಗೆ ಮಾಡೋಣ ಎಂದೆ, ಆ ದಿನ ಮುಹೂರ್ತ ನೋಡುವುದೇ ಬೇಡ. ಎರಡು ವಾರದ ಮಾತು. ಅಲ್ಲಿಯವರೆಗೆ ಎರಡನೇ ಪ್ರತಿ ಇಟ್ಟ ಕಮಲಾಪುರದ ಬ್ಯಾಕಪ್ ಡಬ್ಬಿ ಇದೆಯಲ್ಲ.

೩೦ ಸೆಪ್ಟೆಂಬರ್, ಮಂಗಳವಾರ

ನಾಳೆ ಖಂಡೇಪೂಜೆ, ಆಯುಧ ಯಂತ್ರಗಳಿಗೆಲ್ಲ ಪೂಜೆಯ ದಿನ. ಕಮಲಾಪುರದ ನಮ್ಮ ಕಲೆಕ್ಷನ್ ಸೆಂಟರ್‌ಗೆ ಫೋನ್ ಮಾಡಿ, ಬ್ಯಾಕಪ್ ಡಬ್ಬಿ ತಗೊಂಡು ಬಾ ಎಂದು ದೇವಿಂದ್ರಪ್ಪನಿಗೆ ಹೇಳಿದೆ. ಕೊಂಡು ಎಂಟು ತಿಂಗಳಾಯಿತು, ಪಾಪ, ಒಂದು ಪೂಜೆಯನ್ನೂ ಕಂಡಿಲ್ಲ. ಪೂಜೆ ಇಲ್ಲದ ಯಂತ್ರ ನನಗೆ ಸರಿಬರುವುದಿಲ್ಲ.

"ಎರಡೂ ಪ್ರತಿ ಒಂದೇ ಕಡೆ ಇದ್ರ ನಡೀತದೇನ್ರಿ ಸರ?"

"ಒಂದು ದಿನದ ಮಾತೋ ಮಾರಾಯಾ. ನಾಡದು ವಾಪಸ್ ಒಯ್ಯುವಂತಿ."

೧ ಅಕ್ಟೋಬರ್, ಬುಧವಾರ, ಸಂಜೆ

ಚೆನ್ನಾಗಿ ಆಯಿತು. ದೇವಿಂದ್ರಪ್ಪ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದ. ನೈವೇದ್ಯಕ್ಕೆ ಕೆಂಬಾಳೆ ಒಂದು ಚಿಪ್ಪು. ಸರ್ವರ್ ಪಕ್ಕಕ್ಕೇ ಡಬ್ಬಿ. ಎರಡಕ್ಕೂ ಕುಂಕುಮ, ಚೆಂಡು ಹೂ, ಕೆಳಗೆ ಹೊಸ ಖಣದ ಬಟ್ಟೆ.

ಎಲ್ಲ ಆಫ್ ಮಾಡಿದೆ. ದಶಮಿಯವರೆಗೆ ಯಂತ್ರಕ್ಕೆ ಕೆಲಸ ಹೇಳಬಾರದು. ದೀಪಕ್ಕೆ ಎಣ್ಣೆ ತುಂಬಿಸಿದೆ, ಅದನ್ನು ಕೈಯಾರೆ ಆರಿಸಬಾರದು. ಬಾಗಿಲು ಹಾಕುವಾಗ ಒಮ್ಮೆ ತಿರುಗಿ ನೋಡಿದೆ. ದೇವರ ಮನೆ ಕಂಡಂತಾಯಿತು.

೨ ಅಕ್ಟೋಬರ್, ಗುರುವಾರ

ಬೆಳಿಗ್ಗೆ ಐದೂವರೆಗೆ ವಾಚ್‌ಮನ್ ನಾಗಣ್ಣನ ಫೋನ್. ಹೊಗೆ.

ಸುಟ್ಟದ್ದು ಅದೊಂದೇ ಕೋಣೆ. ಯಾರಿಗೂ ಏನೂ ಆಗಿಲ್ಲ. ಎಲ್ಲರೂ ಇದನ್ನೇ ಹೇಳುತ್ತಿದ್ದಾರೆ. ಡಬ್ಬಿ ಕರಗಿ ಸರ್ವರ್‌ಗೆ ಅಂಟಿಕೊಂಡಿದೆ.

ಕ್ಲೌಡ್ ಖಾತೆ ಹತ್ತು ಗಂಟೆಗೆ ಶುರುವಾಯಿತು, ಹೇಳಿದ ಹೊತ್ತಿಗೆ ಸರಿಯಾಗಿ. ಮುಂಬೈ ಖಾಲಿ. ಹೈದರಾಬಾದ್ ಖಾಲಿ.

೯ ಅಕ್ಟೋಬರ್, ಗುರುವಾರ

ಸುಟ್ಟ ಡ್ರೈವ್‌ನಿಂದ ಒಂದಕ್ಷರವೂ ಬರುವುದಿಲ್ಲವಂತೆ. ಮೇಡಂ ಸಣ್ಣ ದನಿಯಲ್ಲಿ, "ಕೇಳಿದವರಿಗೆ ಸದ್ಯಕ್ಕ ಸಿಸ್ಟಮ್ ರಿಪೇರಿ ನಡದದ ಅಂತ ಹೇಳ್ರಿ" ಎಂದರು.

ಇವತ್ತು ಜುಬೇದಾಳ ಸರದಿ. ಮೇಡಂ ಹೊಸದಾಗಿ ಟೆಸ್ಟ್ ಮಾಡಿದರು. ಏನೂ ಸಿಗಲಿಲ್ಲ. ರಕ್ತ ಹೊಂದುತ್ತದೆ ಎಂದರು. ಲಾಲ್ ಅಹ್ಮದ್ ನನ್ನ ಕೌಂಟರ್‌ಗೆ ಬಂದ.

"ಸಾಬ್, ಆ ಕೆಂಪು ಇಂಕಿಂದು ನೋಡೀರಿಲ್ರಿ?"

"ನೋಡೇವ್ರಿ."

ಬಾಯಿಂದ ಬಂದೇಬಿಟ್ಟಿತು. ಒಳಗೆ ಹೋಗಿ ಮೇಡಂಗೆ ಒಂದು ಮಾತು ಹೇಳಬಹುದಿತ್ತು — ಈ ಹುಡುಗಿಯದರಲ್ಲಿ ಕೆಂಪು ಇತ್ತು, ಏನೆಂದು ನೆನಪಿಲ್ಲ, ತಡೆಯಿರಿ. ಹೇಳಿದರೆ ಕಾರ್ಡ್ ರದ್ದಿಗೆ ಹಾಕಿದ್ದನ್ನೂ ಹೇಳಬೇಕಾಗುತ್ತಿತ್ತು. ಹೆದರಿದೆ. ರಕ್ತ ಹಾಕಿಸಿಕೊಂಡು ಹೋಗುವಾಗ ಹುಡುಗಿ ಕೈ ಬೀಸಿದಳು.

೧೭ ಅಕ್ಟೋಬರ್, ಶುಕ್ರವಾರ, ಮಧ್ಯಾಹ್ನ

ಜುಬೇದಾ ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ. ಕಣ್ಣು ಅರಿಶಿನ, ಮೂತ್ರ ಕರಿ ಚಹಾ. ನಾವು ಹಾಕಿದ ರಕ್ತ ಅವಳ ಮೈಯಲ್ಲೇ ಒಡೆಯುತ್ತಿದೆ. ಮತ್ತೆ ರಕ್ತ ಬೇಕು, ಎಂಥದು ಹಾಕಬೇಕೆಂದು ಯಾರಿಗೂ ತಿಳಿಯದು. ಹೊರಗೆ ಕಳಿಸಿದ ಟೆಸ್ಟ್ ಬರಲು ಎರಡು ದಿನ. ಅಷ್ಟು ದಿನ ಅವಳಿಗಿಲ್ಲ.

ಮೇಡಂ ಅಳುತ್ತಿದ್ದರು. "ಹಳೇ ತೊಂದರೆ ಕೆಲವೊಮ್ಮೆ ಟೆಸ್ಟಿಗೆ ಸಿಗಂಗಿಲ್ರಿ. ಹಳೇ ರೆಕಾರ್ಡೇ ಹೇಳ್ಬೇಕು. ಅಲ್ಲಿ ಡಾಕ್ಟರೂ ಅದನ್ನೇ ಕೇಳಾಕತ್ತಾರ. ಇಲ್ಲಿಂದು ಸುಟ್ಟದ ಅಂತ ಅವರಪ್ಪಗ ಹೇಳಿಬಿಟ್ಟೀನಿ."

ಕೆಂಪು ಕಣ್ಣಿಗೆ ಕಟ್ಟಿದಂತಿದೆ. ಅಕ್ಷರ ಬರುತ್ತಿಲ್ಲ. ಜೆ? ಕೆ?

ಅದೇ ದಿನ, ೩.೪೦

ದೇವಿಂದ್ರಪ್ಪನ ಫೋನ್, ಕಮಲಾಪುರದಿಂದ.

"ಸರ, ಮೋಮಿನಪುರದಾಂವ ಒಬ್ಬ ಗಾಡಿ ಹೊಡ್ಕೊಂಡು ಬಂದಾನ. ಮಗಳ ಕಾರ್ಡಿಂದು ಇನ್ನೊಂದು ಇಲ್ಲಿ ಇರ್ತದಂತ ನೀವ ಹೇಳೀರಂತ. ಏನ್ ಹೇಳ್ಲಿ?"

ಫೋನ್ ಅವನ ಕೈಗೆ ಕೊಡು ಎಂದೆ.

"ಸಾಬ್, ಎರಡು ಊರಾಗ ಇರ್ತದ ಅಂದಿದ್ರಲ್ರಿ. ಅಲ್ಲಿಂದು ಸುಟ್ರ ಸುಡ್ಲಿ. ನಾ ಇಲ್ಲಿಗೇ ಬಂದೀನಿ. ಯಾವ ಖೋಲ್ಯಾಗ ಅದರಿ?"

ಫೋನ್ ಮೇಜಿನ ಮೇಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಕಟ್ ಮಾಡಿಲ್ಲ. ಹಲೋ, ಹಲೋ ಎನ್ನುತ್ತಿದ್ದಾನೆ. ಮೊದಲು ಬರೆದುಕೊಂಡರೆ ಹೇಳಲು ಆಗಬಹುದು. ಲಾಲ್ ಅಹ್ಮದ್, ಕಮಲಾಪುರದಲ್ಲಿ