ಪ್ರಿಯಾಂಕಾಳ ಗಂಟಲು

ಹೆಬ್ಬಗೋಡಿ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಬಸಕ್ಕನಿಗೆ, ನಿನ್ನ ತಂಗಿ ಮಹಾನಂದಾ ಮಾಡುವ ಶರಣು.

ಫೋನಿನಲ್ಲಿ ಮಾತಾಡಿದರೆ ನಿನ್ನ ಅತ್ತೆಗೆ ಕೇಳಿಸುತ್ತದೆ, ನನಗೂ ಅಳು ಬಂದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಟಕ ಶಾಲೆಯಿಂದ ನನ್ನನ್ನು ಹೊರಗೆ ಹಾಕಿದ್ದಾರೆ. ಮಜ್ಜಿಗೆಯಲ್ಲಿ ಸಿಂಧೂರ ಕಲಸಿ ಕೊಟ್ಟು ಪ್ರಿಯಾಂಕಾಳ ಕಂಠ ಕೆಡಿಸಿದೆನಂತೆ. ಹಳೇ ಕಂಪನಿ ನಾಟಕದವರು ಹಾಗೆ ಮಾಡುತ್ತಿದ್ದರೆಂದು ನಮ್ಮೂರಲ್ಲೂ ಹೇಳುತ್ತಿದ್ದರಲ್ಲ, ಅದೇ ಕಥೆ.

ಪ್ರಿಯಾಂಕಾ ಈ ಊರಿನವಳೇ. ಅವಳಪ್ಪ ಮುನಿಯಣ್ಣನವರ ವಠಾರದಲ್ಲೇ ನನ್ನ ಬಾಡಿಗೆ ಕೋಣೆ. ಶಾಲೆಯಲ್ಲಿ ಒಂದೇ ಪಾತ್ರಕ್ಕೆ ಜಗ್ಗಾಡುತ್ತಿದ್ದೆವು. ಮನೆಗೆ ಬಂದರೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಈ ಸಲ ರಾಣಿಯ ಪಾತ್ರ ಯಾರಿಗೆಂದು ಭಾನುಪ್ರಕಾಶ್ ಮೇಷ್ಟ್ರು ಇಬ್ಬರನ್ನೂ ಆಡಿಸಿ ನೋಡುವುದಿತ್ತು. ಅವಳಿಗೆ ಬಾಯಾರಿತ್ತು, ನಾನು ಕಡೆದು ತಂದಿದ್ದ ಮಜ್ಜಿಗೆ ಕುಡಿದಳು. ರಂಗದ ಮೇಲೆ ನಿಂತು ಮೊದಲ ಮಾತು ಎತ್ತಿದ್ದೇ ಧ್ವನಿ ಒಡೆಯಿತು. ಆಮೇಲೆ ಬರೀ ಗಾಳಿ. ಪಾತ್ರ ನನಗೆ ಬಂತು. ಅದರ ಹಿಂದೆಯೇ ಅವಳ ಮನೆಯವರ ದೂರೂ ಬಂತು.

ಅಕ್ಕಾ, ನಾನು ಏನೂ ಹಾಕಿಲ್ಲ. ಬೇಸಿಗೆಯಿಂದಲೇ ಅವಳ ಗಂಟಲು ಕಟ್ಟುತ್ತಿತ್ತು. ಬೊಮ್ಮನಹಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಒಳಗೆ ಗಂಟು ಬೆಳೆದಿದೆ, ಕೂಗಾಡುವುದು ನಿಲ್ಲಿಸಿ ಬೇಗ ತೆಗೆಸಿ ಎಂದಿದ್ದರು. ರಾಣಿಯ ಪಾತ್ರ ಆಡುವತನಕ ಯಾರಿಗೂ ಹೇಳಬೇಡವೆಂದು ಅವಳು ಬಸ್ಸಿನಲ್ಲೇ ಆಣೆ ಹಾಕಿಸಿಕೊಂಡಳು.

ದೂರು ಬಂದ ಮೇಲೆ ಅವಳ ಮಂಚದ ಪಕ್ಕ ಕೂತು, ನಿಜ ಹೇಳೆಂದು ಬೇಡಿಕೊಂಡೆ. ಪಿಸುಗುಟ್ಟಿದಳು: "ಗೊತ್ತಿದ್ದೂ ಮುಚ್ಚಿಟ್ಟೆ ಅಂದ್ರೆ ಅಪ್ಪ ಇನ್ ಸ್ಟೇಜ್ ಹತ್ತಕ್ಕೆ ಬಿಡಲ್ಲ ಕಣೇ. ಧ್ವನಿ ಬರ್ಲಿ, ನಾನೇ ಎಲ್ಲರ ಮುಂದೆ ಹೇಳ್ತೀನಿ."

ಅಷ್ಟು ದಿನ ತಡೆಯಲಾಗಲಿಲ್ಲ. ಮೇಷ್ಟ್ರಿಗೆ ಎಲ್ಲ ಹೇಳಿಬಿಟ್ಟೆ. ಅವರು ಅವಳನ್ನು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರನ್ನೇ ಕೇಳಿ ಎಂದೆ. ರೋಗಿಯ ವಿಷಯ ಹೊರಗಿನವರಿಗೆ ಹೇಳುವುದಿಲ್ಲ ಎಂದರಂತೆ. ಈಗ ಆಸ್ಪತ್ರೆಯಲ್ಲಿ ಗಂಟು ಕಂಡಿದೆ, ಅದೂ ಸಿಂಧೂರದಿಂದಲೇ ಬಂತೆಂದು ಅವಳ ಮನೆಯವರು ನಂಬಿ ಕೂತಿದ್ದಾರೆ.

ನಾಳೆ ಆಪರೇಶನ್. ಅವಳ ಧ್ವನಿ ಬರಲೆಂದು ಬೇಡಿಕೊಳ್ಳುತ್ತಿದ್ದೇನೆ. ಅವಳಿಗೋಸ್ಕರವೋ ನನಗೋಸ್ಕರವೋ ನನಗೇ ತಿಳಿಯದು. ಅವ್ವನಿಗೆ ಏನೂ ಹೇಳಬೇಡ.

ನಿನ್ನ
ಮಹಾನಂದಾ

ತಾ.ಕ.: ಪತ್ರ ಅಂಚೆಗೆ ಹಾಕುವುದು ತಡವಾಯಿತು. ಆಪರೇಶನ್ ಆಗಿದೆ. ಮೊದಲಿನ ಧ್ವನಿ ಬರುವುದಿಲ್ಲವಂತೆ. ನೋಡಲು ಹೋದಾಗ ವಾರ್ಡಿನ ಬಾಗಿಲಲ್ಲೇ ಅವಳ ತಾಯಿ ಸುಬ್ಬಲಕ್ಷ್ಮಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಬೈಯಲಿಲ್ಲ. "ಏನ್ ಆಕ್ದೆ ಅಂತ ಈಗ್ಲಾದ್ರೂ ಯೋಳ್ಬುಡು ಮಗಾ, ನಾನ್ ಯಾರ್ಗೂ ಯೋಳಲ್ಲ. ಡಾಕ್ಟ್ರು ಅದುಕ್ಕೆ ಮದ್ದು ಕೊಡ್ತಾರೆ" ಅಂದರು. ಪ್ರಿಯಾಂಕಾ ಒಳಗಿನಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ಅತ್ತ ತಿರುಗಿದ್ದೇ, ಗೋಡೆಯ ಕಡೆ ಮಗ್ಗುಲಾದಳು.