ಆ ಹೆಸರಿನವರು ಇಲ್ಲಿ ಯಾರೂ ಇಲ್ಲ

ಏಪ್ರಿಲ್ 8

ದಾದರ್‌ನ ಟೆರೇಸ್ ಮುಗಿಯಿತು. ನೀರು ಕಟ್ಟಿ ನಿಲ್ಲಿಸಿ ಬಂದಿದ್ದೇನೆ, ಸೋರುತ್ತದೋ ಇಲ್ಲವೋ ನಾಳೆ ಗೊತ್ತಾಗುತ್ತದೆ. ಅಲ್ಲಿಂದ ನೇರ ಬ್ಯಾಂಕಿಗೆ. ಉಗುರಲ್ಲಿ ಇನ್ನೂ ಡಾಂಬರು. ಲೋನ್ ಆಫೀಸರ್ ಮಾಧುರಿ ನೋಡಿಯೂ ನೋಡದಂತೆ ಫೈಲ್ ತಿರುವಿದರು. ನನ್ನ ಮಗಳ ವಯಸ್ಸು.

"ಅಂಕಲ್, ಜುಲೈಯಿಂದ ಸೆಪ್ಟೆಂಬರ್ ತನಕ ಅಕೌಂಟಿಗೆ ಏನೂ ಬಂದಿಲ್ವಲ್ಲ?"

"ವಾಟರ್‌ಪ್ರೂಫಿಂಗ್ ಕಂಟ್ರಾಕ್ಟರ್ ಮೇಡಮ್ ನಾನು. ಮಳೆಗೆ ಮೊದಲು ಕೆಲಸಕ್ಕೆ ಕರೀತಾರೆ. ಮಳೆ ಬಂದ ಮೇಲೆ ಬೈಯೋಕೆ ಕರೀತಾರೆ."

ನಕ್ಕರು. "ಸಿಸ್ಟಮ್ ಪ್ರತಿ ತಿಂಗಳೂ ಕೇಳುತ್ತೆ."

ಪಗಾರದ ಚೀಟಿ ಇದ್ದವನಿಗೆ ಕುರ್ಚಿ, ಚಹಾ. ಮೂವತ್ತು ವರ್ಷ ಈ ಊರಿನ ಸೂರು ಕಾದವನು 'ರಿಸ್ಕ್ ಪ್ರೊಫೈಲ್'. ಆ ಬ್ರಾಂಚಿನ ಟೆರೇಸೂ ನಾನೇ ಮಾಡಿದ್ದು. ಹೇಳಲಿಲ್ಲ. ಹೇಳಿದರೆ ಲೀಕ್ ಆಗುತ್ತಿದೆ ಎಂದಾರು.

ಮೂರು ವರ್ಷದ ರಿಟರ್ನ್ಸ್ ಒಪ್ಪಿದರು. ಇನ್ನು ಮನೆ ವೆರಿಫಿಕೇಶನ್ ಮಾತ್ರ. ಹೇಳದೆ ಬರುತ್ತಾರಂತೆ. ಬರಲಿ. ಹುಟ್ಟಿದ್ದೇ ಈ ಪರೇಲ್ ಚಾಳಿನ ಖೋಲಿಯಲ್ಲಿ. ಇದಕ್ಕಿಂತ ಪಕ್ಕಾ ವಿಳಾಸ ಯಾರದಿದೆ?

ಏಪ್ರಿಲ್ 9

ಬ್ಯಾಂಕಿನವರು ಬರುತ್ತಾರೆಂದು ಚಾಳಿನಲ್ಲಿ ನಾಲ್ಕು ಜನಕ್ಕೆ ಹೇಳಿಡೋಣ ಎಂದೆ. ಹೆಂಡತಿ ಕೌಸರ ಬಿಡಲಿಲ್ಲ. "ಕೀಲಿ ಕೈಗೆ ಬರೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನಜರ್ ಹತ್ತತೈತಿ."

ಕೆಟ್ಟ ಕಣ್ಣು ಎಂಥದು, ಇದು ಇಪ್ಪತ್ತೊಂದನೇ ಶತಮಾನ ಎಂದು ನಾನು ಭಾಷಣಕ್ಕೆ ನಿಂತೆ. ಅಷ್ಟರಲ್ಲಿ ಅವಳು ಗೋಡೆ ಹಿಡಿದು ಎದ್ದಳು, ಗ್ಯಾಲರಿ ತುದಿಯ ಸಂಡಾಸಿಗೆ. ಕೂತರೆ ಏಳಲಾಗುವುದಿಲ್ಲ, ಹಿಡಿದುಕೊಳ್ಳಲು ಬಕೆಟ್ ಬೇಕು. ಭಾಷಣ ಅಲ್ಲಿಗೇ ನಿಂತಿತು.

ಈ ಲೋನಿನಿಂದ ಕೊಳ್ಳಬೇಕೆಂದಿರುವ ಚೆಂಬೂರಿನ ಫ್ಲಾಟ್‌ನಲ್ಲಿ ಮನೆಯೊಳಗೇ ಕಮೋಡ್. ಲಿಫ್ಟ್. ಅದಕ್ಕೂ ಮೊದಲು ಮೂರು ಕಡೆ ನೋಡಿದ್ದೆವು. ಮೂರೂ ಕಡೆ ಸೊಸೈಟಿಯವರು ಹೆಸರು ಕೇಳುವವರೆಗೆ ಬಹಳ ಚೆನ್ನಾಗಿದ್ದರು. ಈ ಫ್ಲಾಟಿನ ಮಾಲೀಕ ಸದಾನಂದ ಒಬ್ಬರೇ, "ಶೇಖ ಸಾಹೇಬ್ರೇ, ನಂದು ಮನೆ, ನನ್ನಿಷ್ಟ" ಎಂದವರು. ಕಮಿಟಿಯನ್ನೂ ಒಪ್ಪಿಸಿದರು. ಮೇ ಹದಿನೈದರವರೆಗೆ ಕಾಯುತ್ತಾರೆ. ಆಮೇಲೆ ಪಾಪ, ಅವರೂ ಏನು ಮಾಡಿಯಾರು.

ಏಪ್ರಿಲ್ 22

ಆಗಲಿಲ್ಲ.

ಮಾಧುರಿ ಫೋನ್ ಮಾಡಿದ್ದರು. "ರೆಸಿಡೆನ್ಸ್ ನೆಗೆಟಿವ್, ಅಂಕಲ್. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ನೆರೆಯವರೇ ಹೇಳಿದಾರೆ."

ಎಲ್ಲೋ ತಪ್ಪಾಗಿದೆ, ಬೇರೆ ಚಾಳಿಗೆ ಹೋಗಿರಬೇಕು ಎಂದು ಜಗಳ ಮಾಡಿದೆ. ವೋಟರ್ ಕಾರ್ಡು, ಲೈಟ್ ಬಿಲ್ಲು, ಎಲ್ಲ ಸುಳ್ಳೇ ಎಂದು ಕೂಗಾಡಿದೆ. ಆಕೆ ತಾಳ್ಮೆಯಿಂದ ರಿಪೋರ್ಟ್ ಓದಿದರು: "ಹಸಿರು ಸೀರೆಯ ಮುದುಕಿ, ಜೀನಾ ಮೆಟ್ಟಿಲ ಕೆಳಗೆ ಕೂತು ಮೆಂತ್ಯ ಸೋಸುತ್ತಿದ್ದರು."

ನಮ್ಮ ಕೆಳಗಿನ ಖೋಲಿಯ ಭಾಗವ್ವ ಅತ್ತಿ.

ಆ ಹೊತ್ತಿಗೆ ಕೌಸರ ಮೊಣಕಾಲು ತೋರಿಸಲು ಆಸ್ಪತ್ರೆಗೆ ಹೋಗಿದ್ದಳು. ಖೋಲಿಗೆ ಬೀಗ.

ಏಪ್ರಿಲ್ 23

ಸಿಟ್ಟು ಬರಬೇಕು. ಬರುತ್ತಿಲ್ಲ.

ಅತ್ತಿ ಇಂಡಿ ಕಡೆಯವಳು, ನಮ್ಮ ಅಬ್ಬಾನ ಊರಿನ ಪಕ್ಕದವಳು. ಎಂಬತ್ತೆರಡರ ಮಿಲ್ ಸ್ಟ್ರೈಕ್‌ನಲ್ಲಿ ಬಡ್ಡಿಯವರು ಅಬ್ಬಾನನ್ನು ಹುಡುಕಿ ಬರುತ್ತಿದ್ದರು. ಅವನು ಅವಳ ಮಂಚದ ಕೆಳಗೆ. ಅವಳು ಜೀನಾದಲ್ಲಿ. "ಊರಿಗ್ ಹೋಗ್ಯಾನ."

ತೊಂಬತ್ಮೂರರ ಜನವರಿಯ ಗಲಭೆಯಲ್ಲಿ ಬೇರೆಯವರು ಬಂದರು. ನಮ್ಮ ಹೆಸರು ಹಿಡಿದು ಕೇಳಿದರು. ನನಗಾಗ ಇಪ್ಪತ್ತು. ಅವಳ ಖೋಲಿಯ ಕತ್ತಲಲ್ಲಿ ಅಮ್ಮಿಯ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದೆ. ಹೊರಗೆ ಅವಳ ದನಿ ಒಂದಿಷ್ಟೂ ನಡುಗಲಿಲ್ಲ: "ಆ ಹೆಸರಿನಾವ್ರು ಇಲ್ಲಿ ಯಾರೂ ಇಲ್ಲ."

ಕೈಯಲ್ಲಿ ಕಾಗದ ಹಿಡಿದು ಹೆಸರು ಕೇಳುತ್ತ ಬಂದವನಿಗೆ ಈ ಚಾಳು ಇವತ್ತಿಗೂ ಕೊಡುವ ಉತ್ತರ ಅದೇ. ವೆರಿಫಿಕೇಶನ್‌ಗೆ ಬಂದಿದ್ದ ಬ್ಯಾಂಕಿನ ಹುಡುಗನಿಗೆ ಇದನ್ನು ಯಾವ ಕಾಲಮ್‌ನಲ್ಲಿ ಬರೆಯಿರಿ ಎನ್ನಲಿ?

ಏಪ್ರಿಲ್ 24

ಮಾಧುರಿ ಮೇಲಿನವರ ಕೈಕಾಲು ಹಿಡಿದಿರಬೇಕು. ಇನ್ನೊಂದು ಸಲ ವೆರಿಫಿಕೇಶನ್ ಆಗುತ್ತದೆ. ಅದೇ ಕೊನೆಯದು.

ಅತ್ತಿಯ ಹತ್ತಿರ ಕೂತು ಹೇಳಿದೆ. ಮೆಂತ್ಯದಿಂದ ಕಣ್ಣು ತೆಗೆಯಲಿಲ್ಲ.

"ಯಾಕ್ ಬೇಕೋ ಲೋನು?"

"ಧಂಧೇಕ್ಕ." ಕೌಸರಳ ನಜರಿನ ಭಯ ನನಗೂ ಅಂಟಿಕೊಂಡಿತ್ತು.

"ಬ್ಯಾಂಕಿನಾವ ಅಂತ ನನಗ ಹೆಂಗ್ ತಿಳೀಬೇಕು? ಫೈಲ್ ಎಲ್ಲಾರ ಕೈಯಾಗೂ ಇರ್ತಾವ."

"ಬ್ಯಾಂಕಿನವನೇ ಅತ್ತಿ, ಇನ್ಯಾರ್ ಬರ್ತಾರ ಈಗ?"

"ಅವತ್ತೂ ನಿಮ್ಮಪ್ಪ ಹಿಂಗಽ ಅಂದಿದ್ದ. ಯಾರ್ ಬರ್ತಾರ, ಅಂತ."

ನಾನೂ ಪೇಪರ್ ಓದುವವನು. ಎದ್ದು, ಬ್ಯಾಂಕಿನವನು ಬಂದರೆ ನಾನಿಲ್ಲೇ ಇರುತ್ತೇನೆ ಎನ್ನಿ ಎಂದು ಉಳಿದ ಖೋಲಿಗಳಿಗೂ ಹೇಳಿ ಬಂದೆ.

ಮೇ 1

ಯಾರೂ ಬಂದಿಲ್ಲ. ಕೊರಿಯರ್‌ನವನು ಬಂದಿದ್ದನಂತೆ, ಬೇರೆ ಯಾರದೋ ಪಾರ್ಸೆಲ್. ಎರಡನೇ ಮಹಡಿಯ ಮಹಾದೇವಿ ಅವನನ್ನು ತಡೆದು ನಿಲ್ಲಿಸಿ, "ಜುಲ್ಫಿಕಾರ ಶೇಖ ಇಲ್ಲೇ ಇರ್ತಾರ್ರಿ, ಭಾಳ ಚಲೋ ಮನಷ್ಯಾ" ಎಂದು ಸರ್ಟಿಫಿಕೇಟ್ ಕೊಟ್ಟಳಂತೆ. ಕೌಸರ ನಕ್ಕು ನಕ್ಕು ಸಾಕಾದಳು. ಬಹಳ ದಿನದ ಮೇಲೆ.

ಮೇ 6

ಬಂದಿದ್ದ. ನಾನು ಸೈಟ್‌ನಲ್ಲಿ. ಕೌಸರ ಮೇಲಿನ ಗ್ಯಾಲರಿಯಿಂದ ನೋಡಿದ್ದನ್ನು ಹೇಳಿದಳು.

ಹೋದ ಸಲದ ಹುಡುಗನೇ, ಅಮಿತ ಅಂತ. ಅತ್ತಿ ಮೊದಲು ಅವನ ಕಾರ್ಡ್ ಕೇಳಿದಳು. ಓದಲು ಬರುವುದಿಲ್ಲ, ಟೇಲರ್ ಕಾಶಿನಾಥನ ಕೈಗೆ ಕೊಟ್ಟಳು. ಅದೂ ಸಾಲದೆ ಕಾಶಿನಾಥನಿಂದಲೇ ಬ್ರಾಂಚಿಗೆ ಫೋನ್ ಮಾಡಿಸಿದಳು. ಅಷ್ಟು ಹೊತ್ತೂ ಹುಡುಗ ಬಿಸಿಲಲ್ಲಿ.

"ಆಜಿ, ಹೋದ ಸಲ ಇಲ್ಲ ಅಂದಿದ್ರಲ್ಲ?"

"ಹೋದ ಸಲ ನೀ ಯಾರಂತ ಗೊತ್ತಿರ್ಲಿಲ್ಲ." ಅವಳ ಮುರುಕು ಮರಾಠಿಯಲ್ಲಿ. "ಯಾವ ಲೋನ್ ಅದು?"

"ಹೋಮ್ ಲೋನ್. ಚೆಂಬೂರ್‌ನಲ್ಲಿ ಫ್ಲಾಟ್ ತಗೊಳ್ತಿದಾರೆ."

ಅತ್ತಿ ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟಳಂತೆ. ಧಂಧೇಕ್ಕ ಅಂದಿದ್ದೆನಲ್ಲ ನಾನು. "ನನಗ್ ಗೊತ್ತಿಲ್ಲ" ಅಂತ ಒಂದು ಮಾತು, ಮುಗಿದೇ ಹೋಗುತ್ತಿತ್ತು.

"ಬರ್ಕೋ," ಎಂದಳಂತೆ. "ಹುಟ್ಟಿದ್ದು ಇಲ್ಲೆ. ಅವನಪ್ಪ ಸತ್ತಿದ್ದೂ ಇಲ್ಲೆ. ಒಬ್ಬರ ದುಡ್ಡೂ ಮುಳುಗಿಸಿಲ್ಲ. ಎಲ್ಲಾ ಬರ್ಕೋ, ನಾ ಹೆಬ್ಬೆಟ್ ಒತ್ತತೀನಿ."

ಹೆಬ್ಬೆಟ್ಟು ಬೇಡ ಆಜಿ, ಎಂದು ಅವನು ಮೊಬೈಲ್‌ನಲ್ಲಿ ಟಿಕ್ ಮಾಡಿಕೊಂಡು ಹೋದ.

ಸಂಜೆ ನಾನು ಬಂದಾಗ ಜೀನಾದಲ್ಲಿ ಯಾರೂ ಇರಲಿಲ್ಲ. ಅವಳ ಬಾಗಿಲು ಮುಂದೆ ಮಾಡಿತ್ತು. ತಟ್ಟುವ ಧೈರ್ಯ ಆಗಲಿಲ್ಲ.

ಮೇ 13, ಸಂಜೆ

ಸ್ಯಾಂಕ್ಷನ್ ಆಯಿತು. ಸದಾನಂದರಿಗೆ ಫೋನ್ ಮಾಡಿದೆ. "ಅಬ್ಬ, ನಾಳೆಯೇ ಬನ್ನಿ, ಬ್ರೋಕರ್ ಕಾಟ ತಡೀಲಾಗ್ತಿಲ್ಲ" ಎಂದರು. ಕೌಸರ ಎರಡು ರಕಾತ್ ಶುಕ್ರಾನಾ ನಮಾಜು ಓದಿದಳು, ಕುರ್ಚಿಯ ಮೇಲೆ ಕೂತು.

ಪೇಡೆ ತಗೊಂಡು ಕೆಳಗಿಳಿದೆ. ಅತ್ತಿ ತನ್ನ ಜಾಗದಲ್ಲಿದ್ದಳು.

"ಸಿಕ್ತೇನು ಮನಿ?"

"ಸಿಕ್ತು ಅತ್ತಿ."

"ಧಂಧೇಕ್ಕ ಅಂದಿದ್ದಿ."

ತಲೆ ತಗ್ಗಿಸಿದೆ. ಪೇಡೆ ಮುರಿದು ಅರ್ಧ ನನ್ನ ಕೈಗೇ ಇಟ್ಟಳು.

"ಕೌಸರನ ಮಣಕಾಲಿಗೆ ಚಲೋ ಆತು, ಬಿಡು. ಲಿಫ್ಟ್ ಐತಿ?"

"ಐತಿ."

ಬಹಳ ಹೊತ್ತು ಸೊಪ್ಪು ಬಿಡಿಸಿದಳು. ಆಮೇಲೆ, ರಸ್ತೆಯ ಕಡೆ ನೋಡುತ್ತ—

"ಜುಲ್ಫ್ಯಾ, ನೀ ಹ್ವಾದಮ್ಯಾಲೆ ಯಾರರ ಕೇಳ್ಕೋತ ಬಂದ್ರ, ಏನ್ ಹೇಳ್ಲೋ?"

ಇಲ್ಲಿ ಇಲ್ಲ ಅನ್ನು ಅತ್ತಿ, ಎನ್ನಲು ಬಾಯಿ ತೆರೆದೆ. ಆದರೆ ಇಷ್ಟು ವರ್ಷ ನಮ್ಮನ್ನು ಉಳಿಸಿದ ಅವಳ ಆ ಸುಳ್ಳು ಇನ್ನು ನಿಜವಾಗಿಬಿಡುತ್ತದೆ.